ಮರದ ರಾಕೆಟ್ಟಿನ ಬೋರ್ಗ್, ಇವತ್ತಿನ ಜೊಕೊವಿಚ್: ಯಾರ ಕೋರ್ಟಿನಲ್ಲಿ ಆಡಿಸೋಣ?

ಕೋಟೆ ಕೆಳಗಿನವ, ಬಳ್ಳಾರಿ

ನಮ್ಮ ಸೋದರಮಾವ ಬಳ್ಳಾರಿಯ ಒಂದು ಟೆನಿಸ್ ಕ್ಲಬ್ಬಿನಲ್ಲಿ ಮೂವತ್ತು ವರ್ಷ ಮಾರ್ಕರ್ ಆಗಿದ್ದರು. ಈಗಿನ ಹುಡುಗರಿಗೆ ಆ ಹೆಸರು ಗೊತ್ತಿರಲಿಕ್ಕಿಲ್ಲ. ನಸುಕಿನಲ್ಲಿ ಕೋರ್ಟಿಗೆ ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕಿ, ನೆಟ್ ಬಿಗಿದು, ಆಮೇಲೆ ಜೊತೆ ಸಿಗದ ಮೆಂಬರುಗಳ ಎದುರು ತಾವೇ ನಿಂತು ಆಡುವವರು. ಮಾವನಿಗೆ ಈಗ 68 ವರ್ಷ. ಮೊಣಕಾಲು ಸ್ವಲ್ಪ ನೋವು, ಕೈ ಮಾತ್ರ ಇನ್ನೂ ಹಾಗೇ ಇದೆ.

ಹೋದ ತಿಂಗಳು ಅವರ ಹಳೇ ಟ್ರಂಕ್ ಖಾಲಿ ಮಾಡುವಾಗ ಎರಡು ಮರದ ರಾಕೆಟ್ ಸಿಕ್ಕವು. ಒಂದು ಪ್ರೆಸ್ಸಿನಲ್ಲಿತ್ತು. ನಾಲ್ಕು ಮೂಲೆಗೆ ತಿರುಪು ಇರುವ ಮರದ ಚೌಕಟ್ಟು ಅದು. ಹಾಕದಿದ್ದರೆ ರಾಕೆಟ್ ಹಪ್ಪಳದ ಹಾಗೆ ಸೊಟ್ಟ ಆಗುತ್ತದೆ. ಪ್ರೆಸ್ ಇಲ್ಲದ ಇನ್ನೊಂದು ಹಾಗೇ ಸೊಟ್ಟ ಆಗಿತ್ತು. ನೆಟ್ಟಗಿದ್ದದ್ದಕ್ಕೆ ಗಟ್ಟಿಂಗ್ (ಚೆಂಡು ಹೊಡೆಯುವ ತಂತಿಯ ಬಲೆ, ಗಟ್) ಹಾಕಿಸಲು ರಾಯಲ್ ಸರ್ಕಲ್ ಕಡೆ ಒಂದು ಅಂಗಡಿಗೆ ಒಯ್ದೆ. ಅಂಗಡಿಯವರು ಅದನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಜಾಸ್ತಿ ಬಿಗಿದರೆ ಮರ ಸೀಳುತ್ತೆ ಸರ್, ಸಡಿಲ ಹಾಕ್ತೀನಿ" ಅಂದರು. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟೆ. 385 ಗ್ರಾಂ. ನನ್ನ ಅಕ್ಕನ ಮಗನ ರಾಕೆಟ್ 315.

ಈ ಹುಡುಗನಿಗೆ 19. ಕಾಲೇಜು ಟೀಮಿನಲ್ಲಿ ಆಡುತ್ತಾನೆ. ಫೋರ್‌ಹ್ಯಾಂಡ್ ಹೊಡೆದರೆ ಚೆಂಡು ನೆಟ್ಟಿನ ಮೇಲೆ ಎರಡು ಮೊಳ ಏರಿ ಬೇಸ್‌ಲೈನ್ ಒಳಗೆ ದಬಕ್ಕನೆ ಇಳಿಯುತ್ತದೆ. ಭಾನುವಾರ ಬೆಳಗ್ಗೆ ಐದೂವರೆಗೆ ಮರದ ರಾಕೆಟ್ ಅವನ ಕೈಗೆ ಕೊಟ್ಟೆ. ಮೊದಲ ಹತ್ತು ಫೋರ್‌ಹ್ಯಾಂಡಿನಲ್ಲಿ ಆರು ಚೌಕಟ್ಟಿಗೆ ಬಡಿದವು. ಟಕ್ ಅಂತ ಸೌದೆ ಒಡೆದ ಸದ್ದು. ಎರಡು ಕಾಂಪೌಂಡ್ ದಾಟಿ ಬೇವಿನ ಮರದ ಕೆಳಗೆ ಬಿದ್ದವು. ಮರದ ರಾಕೆಟ್ಟಿನ ತಲೆ ಸುಮಾರು 65ರಿಂದ 70 ಚದರ ಇಂಚು. ಈಗಿನದು 95ರಿಂದ 100. ಕೆಳಗಿನಿಂದ ಮೇಲಕ್ಕೆ ಜೋರಾಗಿ ಉಜ್ಜಲು ಅಷ್ಟು ಜಾಗವೇ ಇರಲಿಲ್ಲ.

ಅರ್ಧ ಗಂಟೆ ಕಳೆದ ಮೇಲೆ ನಡೆದದ್ದೇ ನನಗೆ ಮುಖ್ಯ. ಯಾರೂ ಹೇಳಿಕೊಡದೇ ಹುಡುಗ ಬೀಸು ಸಣ್ಣದು ಮಾಡಿದ. ಚಪ್ಪಟೆ ಹೊಡೆಯತೊಡಗಿದ. ಬ್ಯಾಕ್‌ಹ್ಯಾಂಡ್ ಸ್ಲೈಸ್ ಮಾಡಿದ. ಕೊನೆಗೆ ನೆಟ್ಟಿಗೆ ಓಡಿ ಬರತೊಡಗಿದ. ಅವನು ಸಾಮಾನ್ಯವಾಗಿ ನೆಟ್ ಹತ್ತಿರ ಬರುವವನೇ ಅಲ್ಲ. ಹಳೇ ಆಟವನ್ನು ಅವನಿಗೆ ಆ ರಾಕೆಟ್ಟೇ ಕಲಿಸಿತು.

ಅವತ್ತಿನಿಂದ ತಲೆಯಲ್ಲಿ ಒಂದೇ ವಿಷಯ. 1960ರ ದಶಕದ ಲೇವರ್, 70ರ ದಶಕದ ಬೋರ್ಗ್, 90ರ ದಶಕದ ಸ್ಯಾಂಪ್ರಸ್, ಈ ಶತಮಾನದ ಫೆಡರರ್, ನಡಾಲ್, ಜೊಕೊವಿಚ್ ಇವರನ್ನು ಎದುರುಬದುರು ನಿಲ್ಲಿಸಿ ಯಾರು ಗೆಲ್ಲುತ್ತಾರೆ ಅಂತ ನಾವು ಕೇಳುತ್ತೇವೆ. ಯಾವ ರಾಕೆಟ್, ಯಾವ ಗಟ್, ಯಾವ ನೆಲ ಅಂತ ಹೇಳದೆ ಕೇಳಿದರೆ ಆ ಪ್ರಶ್ನೆಗೆ ಅರ್ಥವಿಲ್ಲ. ನನ್ನ ಪ್ರಕಾರ ಎರಡು ಪಂದ್ಯ ಆಡಿಸಬೇಕು. ಒಂದು ಹಳಬನ ಕೋರ್ಟಿನಲ್ಲಿ ಹಳಬನ ರಾಕೆಟ್ಟಿನಲ್ಲಿ, ಇನ್ನೊಂದು ಹೊಸಬನ ಕೋರ್ಟಿನಲ್ಲಿ. ಎರಡರಲ್ಲೂ ಗೆಲ್ಲುವ ಶಕ್ತಿ ಜಾಸ್ತಿ ಇರುವವನು ಬೋರ್ಗ್ ಅಂತ ನನ್ನ ಗಟ್ಟಿ ನಂಬಿಕೆ. ನೀವೇನಂತೀರಿ?

ತೋರಣಗಲ್ಲು ಟಾಪ್‌ಸ್ಪಿನ್

ಅಣ್ಣ, ಹುಡುಗನ ಕಥೆ ಚೆನ್ನಾಗಿದೆ. ಆದರೆ ಬೋರ್ಗ್ ಅಂದದ್ದು ಒಪ್ಪಲ್ಲ.

ಜೊಕೊವಿಚ್ 24 ಗ್ರ್ಯಾಂಡ್ ಸ್ಲಾಮ್ (ಆಸ್ಟ್ರೇಲಿಯನ್, ಫ್ರೆಂಚ್, ವಿಂಬಲ್ಡನ್, ಅಮೆರಿಕನ್ ಎಂಬ ವರ್ಷದ ನಾಲ್ಕು ದೊಡ್ಡ ಟೂರ್ನಿ) ಗೆದ್ದಿದ್ದಾರೆ. ನಡಾಲ್ ಮೇಲೆ 31-29, ಫೆಡರರ್ ಮೇಲೆ 27-23. ಇತಿಹಾಸದ ಅತಿ ಕಷ್ಟದ ಇಬ್ಬರು ಎದುರಾಳಿಗಳ ಮೇಲೂ ಮುಂದಿದ್ದಾರೆ. ನಾಲ್ಕೂ ಸ್ಲಾಮ್ ಕನಿಷ್ಠ ಮೂರು ಮೂರು ಸಲ ಗೆದ್ದಿದ್ದಾರೆ. ಲೇವರ್ ಎತ್ತರ 173 ಸೆಂಟಿಮೀಟರ್, ಜೊಕೊವಿಚ್ 188. ಸರ್ವ್ ವಾಪಸ್ ಮಾಡುವುದರಲ್ಲಿ ಇವರ ಸಮ ಯಾರೂ ಇಲ್ಲ. ನಡಾಲ್ ಫೋರ್‌ಹ್ಯಾಂಡ್ ನಿಮಿಷಕ್ಕೆ ಸರಾಸರಿ ಸುಮಾರು 3200 ಸುತ್ತು ತಿರುಗುತ್ತದೆ ಅಂತ ಅಳೆದಿದ್ದಾರೆ. ಅದು ಹೆಗಲೆತ್ತರಕ್ಕೆ ಎಗರಿದಾಗ ಹಳಬರು ಏನು ಮಾಡುತ್ತಿದ್ದರು?

ಹಳಬರ ಮೇಲೆ ಗೌರವ ಇದೆ. ಆದರೆ ಓಟದಲ್ಲಿ, ಈಜಿನಲ್ಲಿ ಎಲ್ಲ ಕಡೆ ದಾಖಲೆ ಮುರಿಯುತ್ತಲೇ ಬಂದಿವೆ. ಟೆನಿಸ್ ಮಾತ್ರ ಹಿಂದಕ್ಕೆ ಹೋಗಿದೆಯಾ?

ಸಿರುಗುಪ್ಪ ಮೇಷ್ಟ್ರು

ತಮ್ಮಾ, ಸ್ಲಾಮ್ ಎಣಿಸುವಾಗ ಒಂದು ನೆನಪಿಟ್ಟುಕೊ. ರಾಡ್ ಲೇವರ್ 1962ರಲ್ಲಿ ಒಂದೇ ವರ್ಷ ನಾಲ್ಕೂ ಗೆದ್ದರು. ಆಮೇಲೆ ವೃತ್ತಿಪರರಾದರು. ಆಗಿನ ನಿಯಮದ ಪ್ರಕಾರ ದುಡ್ಡಿಗೆ ಆಡುವವರಿಗೆ ಆ ಟೂರ್ನಿಗಳ ಬಾಗಿಲು ಮುಚ್ಚಿತ್ತು. 1963ರಿಂದ 1967ರ ಕೊನೆಯವರೆಗೆ ಐದು ವರ್ಷ ಅವರು ಒಂದೂ ಸ್ಲಾಮ್ ಆಡಲಾಗಲಿಲ್ಲ. ವಯಸ್ಸು 24ರಿಂದ 29. ಆಟಗಾರನ ಜೀವನದ ಬಂಗಾರದ ಕಾಲ ಅದು. 1968ರಲ್ಲಿ ಬಾಗಿಲು ತೆರೆಯಿತು. ಆ ವರ್ಷವೇ ವಿಂಬಲ್ಡನ್ ಗೆದ್ದರು. 1969ರಲ್ಲಿ ಮತ್ತೆ ನಾಲ್ಕೂ ಗೆದ್ದರು. ಐದು ವರ್ಷದ 20 ಟೂರ್ನಿ ಕಳೆದುಕೊಂಡ ಮೇಲೂ 11 ಸ್ಲಾಮ್.

ಇನ್ನೊಂದು, ಆಗ ಆಸ್ಟ್ರೇಲಿಯಾಕ್ಕೆ ಹೋಗಿ ಬರುವುದನ್ನು ಎಷ್ಟೋ ದೊಡ್ಡ ಆಟಗಾರರು ಬಿಟ್ಟೇಬಿಡುತ್ತಿದ್ದರು. ಬೋರ್ಗ್ ಅಲ್ಲಿ ಆಡಿದ್ದು 1974ರಲ್ಲಿ ಒಂದೇ ಸಲ. ಸ್ಲಾಮ್ ಲೆಕ್ಕ ಆಗ ಯಾರೂ ಇಟ್ಟುಕೊಂಡು ಆಡುತ್ತಿರಲಿಲ್ಲ.

ದೇಹಶಕ್ತಿ ಅಂದೆಯಲ್ಲಾ, 1969ರ ವಿಂಬಲ್ಡನ್ ನೋಡು. ಪಾಂಚೊ ಗೊನ್ಸಾಲೆಸ್‌ಗೆ ಆಗ 41 ವರ್ಷ. ಚಾರ್ಲಿ ಪಾಸರೆಲ್ ಎದುರು ಮೊದಲ ಎರಡು ಸೆಟ್ 22-24, 1-6 ಸೋತರು. ಮುಂದಿನ ಮೂರು 16-14, 6-3, 11-9. ಒಟ್ಟು 112 ಗೇಮ್, ಐದು ಗಂಟೆ 12 ನಿಮಿಷ, ಎರಡು ದಿನ. 6-6 ಆದಾಗ ಸೆಟ್ ಬೇಗ ಮುಗಿಸುವ ಟೈಬ್ರೇಕರ್ ಆಗಿನ್ನೂ ಇರಲಿಲ್ಲ. ಬದಿ ಬದಲಿಸುವಾಗ ಕೂರಲು ಕುರ್ಚಿ ಕೂಡ ಇರಲಿಲ್ಲ. ವಿಂಬಲ್ಡನ್ನಿನಲ್ಲಿ ಕುರ್ಚಿ ಬಂದದ್ದು 1975ರಲ್ಲಿ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಒಂದು ಸೆಟ್ ಮುಗಿಸಿ ನೆರಳು ಹುಡುಕುವ ನನಗೆ ಇದು ಊಹಿಸಲಿಕ್ಕೇ ಆಗುವುದಿಲ್ಲ.

ತೋರಣಗಲ್ಲು ಟಾಪ್‌ಸ್ಪಿನ್

ಮೇಷ್ಟ್ರೇ, ಕುರ್ಚಿ ವಿಷಯ ಗೊತ್ತಿರಲಿಲ್ಲ. ಐದು ವರ್ಷದ ಮಾತೂ ಒಪ್ಪಿದೆ. ಆದರೆ 1969ರ ನಾಲ್ಕರಲ್ಲಿ ಮೂರು ಹುಲ್ಲಿನ ಮೇಲೆ. ಫ್ರೆಂಚ್ ಒಂದೇ ಮಣ್ಣು. ಹಾರ್ಡ್ ಕೋರ್ಟ್, ಅಂದರೆ ಸಿಮೆಂಟಿನಂಥ ಗಟ್ಟಿ ನೆಲ, ಒಂದೂ ಇಲ್ಲ. ಜೊಕೊವಿಚ್‌ಗೆ ವರ್ಷಕ್ಕೆ ಮೂರು ಥರದ ನೆಲ.

ಕೋಟೆ ಕೆಳಗಿನವ, ಬಳ್ಳಾರಿ

ಸರಿಯಾದ ಮಾತು. ಅಮೆರಿಕನ್ ಓಪನ್ 1974ರವರೆಗೆ ಹುಲ್ಲು, ಮೂರು ವರ್ಷ ಮಣ್ಣು, 1978ರಿಂದ ಹಾರ್ಡ್. ಆಸ್ಟ್ರೇಲಿಯಾ 1987ರವರೆಗೆ ಹುಲ್ಲು. ಜಿಮ್ಮಿ ಕಾನರ್ಸ್ ಒಬ್ಬರೇ ಅಮೆರಿಕನ್ ಓಪನ್ನನ್ನು ಹುಲ್ಲು, ಮಣ್ಣು, ಹಾರ್ಡ್ ಮೂರರ ಮೇಲೂ ಗೆದ್ದವರು. ನಮ್ಮ ಚರ್ಚೆಯಲ್ಲಿ ಅವರ ಹೆಸರು ಯಾರೂ ಎತ್ತುವುದಿಲ್ಲ. ನನಗದು ಬೇಜಾರು.

ನೆಲದ ಶಕ್ತಿ ಎಷ್ಟು ಅಂತ ನಮ್ಮ ಊರಲ್ಲೇ ನೋಡಬಹುದು. ಇಲ್ಲಿ ಬರೀ ಎರೆ ಮಣ್ಣಿನ ಮೇಲೆ ಕೋರ್ಟ್ ಮಾಡಿದರೆ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅದಕ್ಕೇ ಗರಸು ತಂದು ಹಾಕಿ, ನೀರು ಹೊಡೆದು ಕೂರಿಸುತ್ತಾರೆ. ಬೆಳಗ್ಗೆ ತೇವ ಇದ್ದಾಗ ಚೆಂಡು ಮಂಡಿ ಎತ್ತರಕ್ಕೆ ಬರುತ್ತದೆ. ಎಂಟು ಗಂಟೆಗೆ ನೆಲ ಒಣಗಿ ಅದೇ ಚೆಂಡು ಎದೆಗೆ ಬರುತ್ತದೆ. ಐದೂವರೆಗೆ ಮಾವನ ಕೈಯಲ್ಲಿ ಸೋಲುವವರು ಎಂಟಕ್ಕೆ ಅವರನ್ನೇ ಸೋಲಿಸುತ್ತಿದ್ದರು. ಆಟಗಾರರು ಅವರೇ, ಕೋರ್ಟೂ ಅದೇ.

2007ರಲ್ಲಿ ಫೆಡರರ್ ಮತ್ತು ನಡಾಲ್ ಒಂದು ಪ್ರದರ್ಶನ ಪಂದ್ಯ ಆಡಿದರು. ಸ್ಪೇನಿನ ಪಾಲ್ಮಾದಲ್ಲಿ. ನೆಟ್ಟಿನ ಒಂದು ಕಡೆ ಹುಲ್ಲು, ಇನ್ನೊಂದು ಕಡೆ ಮಣ್ಣು. ಬದಿ ಬದಲಿಸುವಾಗ ಶೂ ಕೂಡ ಬದಲಿಸುತ್ತಿದ್ದರು. ನಡಾಲ್ 7-5, 4-6, 7-6 ಗೆದ್ದರು. ಕೊನೆಯ ಟೈಬ್ರೇಕರ್ 12-10. ಹುಲ್ಲಿನ ರಾಜ, ಮಣ್ಣಿನ ರಾಜ ಇಬ್ಬರಿಗೂ ಅರ್ಧರ್ಧ ನೆಲ ಕೊಟ್ಟರೆ ಎರಡು ಪಾಯಿಂಟಿನ ವ್ಯತ್ಯಾಸ ಉಳಿಯಿತು. ಬೇರೆ ಬೇರೆ ಕಾಲದವರನ್ನೂ ಹೀಗೇ ಆಡಿಸಬೇಕು ಅಂತ ನಾನು ಹೇಳುವುದು.

ಹೊಸಪೇಟೆ ಕಾಲುವೆ ದಂಡೆ

ನಾನು ಸ್ಯಾಂಪ್ರಸ್ ಅಭಿಮಾನಿ, ಮೊದಲೇ ಹೇಳಿಬಿಡುತ್ತೇನೆ. ಏಳು ವಿಂಬಲ್ಡನ್. ಎರಡನೇ ಸರ್ವ್‌ಗೂ ಹೆದರಬೇಕಿತ್ತು.

ಜೊಕೊವಿಚ್ ಜೊತೆ ಹೋಲಿಸುವಾಗ ಜನ ಒಂದು ಮರೆಯುತ್ತಾರೆ. ವಿಂಬಲ್ಡನ್ ಹುಲ್ಲೇ ಬದಲಾಗಿದೆ. ಮೊದಲು ಎರಡು ಜಾತಿ ಹುಲ್ಲು ಬೆರೆಸಿ ಬಿತ್ತುತ್ತಿದ್ದರು. 2001ರ ಸುಮಾರಿಗೆ ಪೂರ್ತಿ ರೈ ಹುಲ್ಲು ಬಂತು. ನೆಲ ಗಟ್ಟಿಯಾಯಿತು, ಚೆಂಡು ಮೇಲೆ ಏಳತೊಡಗಿತು. 2001ರಲ್ಲಿ ಫೈನಲ್ ಆಡಿದವರು ಇವಾನಿಸೆವಿಚ್ ಮತ್ತು ರಾಫ್ಟರ್, ಇಬ್ಬರೂ ಸರ್ವ್ ಮಾಡಿ ನೆಟ್ಟಿಗೆ ಓಡುವವರು. ಮರುವರ್ಷ ಹ್ಯೂಯಿಟ್ ಮತ್ತು ನಾಲ್ಬಾಂಡಿಯನ್, ಇಬ್ಬರೂ ಬೇಸ್‌ಲೈನ್ ಬಿಡದವರು. ಒಂದೇ ವರ್ಷದಲ್ಲಿ ಆಟದ ಮುಖ ಬೇರೆಯಾಯಿತು.

ಆದ್ದರಿಂದ ನನ್ನ ತೀರ್ಮಾನ: 1995ರ ಹುಲ್ಲಿನ ಮೇಲೆ ಸ್ಯಾಂಪ್ರಸ್ ನಾಲ್ಕು ಸೆಟ್ಟಿನಲ್ಲಿ ಜೊಕೊವಿಚ್‌ರನ್ನು ಸೋಲಿಸುತ್ತಾರೆ. 2015ರ ಹುಲ್ಲಿನ ಮೇಲೆ ಜೊಕೊವಿಚ್ ನಾಲ್ಕರಲ್ಲಿ ಗೆಲ್ಲುತ್ತಾರೆ. ಮಣ್ಣಿನ ಮೇಲೆ ಕೇಳಲೇಬೇಡಿ. ಸ್ಯಾಂಪ್ರಸ್ ಫ್ರೆಂಚ್ ಓಪನ್ ಗೆಲ್ಲಲೇ ಇಲ್ಲ. 1996ರ ಸೆಮಿಫೈನಲ್ಲೇ ಅವರ ಅತಿ ದೂರದ ಪಯಣ. ನನಗೆ ಅದು ಇವತ್ತಿಗೂ ನೋವು.

ಅಂದಹಾಗೆ ಸ್ಯಾಂಪ್ರಸ್ ಮತ್ತು ಫೆಡರರ್ ನಿಜವಾಗಿ ಒಂದೇ ಸಲ ಆಡಿದ್ದು, 2001ರ ವಿಂಬಲ್ಡನ್ ನಾಲ್ಕನೇ ಸುತ್ತಿನಲ್ಲಿ. 19ರ ಹುಡುಗ ಐದು ಸೆಟ್ಟಿನಲ್ಲಿ, ಕೊನೆಯದು 7-5, ಗೆದ್ದ. ಅವತ್ತು ಫೆಡರರ್ ಕೂಡ ಸರ್ವ್ ಮಾಡಿ ನೆಟ್ಟಿಗೆ ಓಡುತ್ತಿದ್ದರು. ಎದುರಿಗಿದ್ದವರ ಆಟವನ್ನೇ ಆಡಿ ಗೆದ್ದರು. ಅದಕ್ಕೇ ನನ್ನ ಲೆಕ್ಕದಲ್ಲಿ ಎಲ್ಲಾ ಕಾಲಕ್ಕೂ ಸಲ್ಲುವವರು ಫೆಡರರ್.

ಗಂಗಾವತಿ ಅಕ್ಕ

ಇಷ್ಟು ಉದ್ದ ಚರ್ಚೆ ಓದಿದೆ. ಒಬ್ಬ ಹೆಣ್ಣುಮಗಳ ಹೆಸರೂ ಇಲ್ಲ. ಬೇರೆ ಬೇರೆ ಕಾಲದವರು ನಿಜವಾಗಿ ಎದುರಾದ ಒಳ್ಳೆಯ ಉದಾಹರಣೆ ಇರುವುದೇ ಅಲ್ಲಿ.

1999ರಲ್ಲಿ ಸ್ಟೆಫಿ ಗ್ರಾಫ್‌ಗೆ ಕೊನೆಯ ವರ್ಷ, ಸೆರೆನಾ ವಿಲಿಯಮ್ಸ್‌ಗೆ ಮೊದಲ ಸ್ಲಾಮ್ ಗೆದ್ದ ವರ್ಷ. ಆ ವರ್ಷ ಇಬ್ಬರೂ ಎರಡು ಸಲ ಆಡಿದರು. ಸಿಡ್ನಿಯಲ್ಲಿ ಸ್ಟೆಫಿ ಗೆದ್ದರು, ಮೂರನೇ ಸೆಟ್ ಟೈಬ್ರೇಕರ್. ಇಂಡಿಯನ್ ವೆಲ್ಸ್ ಫೈನಲ್ಲಿನಲ್ಲಿ ಸೆರೆನಾ ಗೆದ್ದರು, ಮೂರನೇ ಸೆಟ್ 7-5. ಒಂದು-ಒಂದು. 22 ಸ್ಲಾಮ್ ಮತ್ತು 23 ಸ್ಲಾಮ್ ಎದುರಾದಾಗ ಕೂದಲೆಳೆಯ ಅಂತರ. ಊಹೆ ಮಾಡುವ ಅಗತ್ಯವೇ ಇಲ್ಲ, ಅದು ನಡೆದಿದೆ.

ಮಾರ್ಟಿನಾ ನವ್ರಾಟಿಲೋವಾ ಮರದ ರಾಕೆಟ್ಟಿನಲ್ಲಿ ಶುರು ಮಾಡಿದವರು. 2004ರಲ್ಲಿ, 47ನೇ ವಯಸ್ಸಿನಲ್ಲಿ, ವಿಂಬಲ್ಡನ್ ಸಿಂಗಲ್ಸ್ ಮೊದಲ ಸುತ್ತು 6-0, 6-1 ಗೆದ್ದರು. ಎದುರಾಳಿ ಅವರ ಅರ್ಧ ವಯಸ್ಸಿನವರು. ಹಳಬರು ಈಗಿನ ಆಟಕ್ಕೆ ಹೊಂದಲ್ಲ ಅನ್ನುವವರು ಇದಕ್ಕೆ ಉತ್ತರ ಕೊಡಬೇಕು.

ಇನ್ನು ಮೋನಿಕಾ ಸೆಲೆಸ್. ಇಪ್ಪತ್ತು ತುಂಬುವ ಮೊದಲೇ ಎಂಟು ಸ್ಲಾಮ್. 1993ರ ಏಪ್ರಿಲ್‌ನಲ್ಲಿ ಹ್ಯಾಂಬರ್ಗ್‌ನಲ್ಲಿ ಆಟದ ನಡುವೆ ಕುಳಿತಿದ್ದಾಗ ಒಬ್ಬ ಬಂದು ಬೆನ್ನಿಗೆ ಚಾಕು ಹಾಕಿದ. ಎರಡು ವರ್ಷಕ್ಕೂ ಜಾಸ್ತಿ ಆಡಲಿಲ್ಲ. ವಾಪಸ್ ಬಂದ ಮೇಲೆ ಗೆದ್ದದ್ದು ಒಂದೇ ಸ್ಲಾಮ್. ಯಾರು ದೊಡ್ಡವರು ಅಂತ ಅಂಕಿ ಇಟ್ಟು ಮಾತಾಡುವಾಗಲೆಲ್ಲ ನನಗೆ ಆ ಹುಡುಗಿ ನೆನಪಾಗುತ್ತಾಳೆ.

ಕೋಟೆ ಕೆಳಗಿನವ, ಬಳ್ಳಾರಿ

ಅಕ್ಕಾ, ತಪ್ಪು ನನ್ನದು. ಮೊದಲ ಬರಹದಲ್ಲೇ ಹಾಕಬೇಕಿತ್ತು. ಕ್ರಿಸ್ ಎವರ್ಟ್ ಮತ್ತು ಮಾರ್ಟಿನಾ 80 ಸಲ ಆಡಿದ್ದಾರೆ, 43-37. ಮಾರ್ಟಿನಾ ಮುಂದೆ. 1968ರ ಈಚೆಗೆ ಅಷ್ಟು ಸಲ ಎದುರಾದ ಜೋಡಿ ಗಂಡಸರಲ್ಲಿ ಇಲ್ಲವೇ ಇಲ್ಲ. ಆ ಇಬ್ಬರು ಮರದ ರಾಕೆಟ್ಟಿನಿಂದ ಈಗಿನ ಹಗುರ ಗ್ರಾಫೈಟ್ ರಾಕೆಟ್ಟಿಗೆ ದಾಟುತ್ತಲೇ ಒಬ್ಬರ ಮೇಲೊಬ್ಬರು ಆಡಿದರು. ಎರಡು ಕಾಲದ ಹೋಲಿಕೆ ಒಂದೇ ಜೋಡಿಯಲ್ಲಿ ಸಿಗುತ್ತದೆ.

ರಾಯಚೂರು ಬ್ಯಾಕ್‌ಹ್ಯಾಂಡ್

ಬೋರ್ಗ್ ಬಗ್ಗೆ ಬರೆದವರಿಗೆ ನನ್ನದೊಂದು ಪ್ರಶ್ನೆ. ಈ ಪ್ರಯೋಗ 1991ರಲ್ಲೇ ಆಗಿದೆ ಅಲ್ವಾ? ಬೋರ್ಗ್ ಮಾಂಟೆಕಾರ್ಲೊದಲ್ಲಿ ವಾಪಸ್ ಆಡಿದರು. ಕೈಯಲ್ಲಿ ಮರದ ರಾಕೆಟ್. ಉಳಿದವರೆಲ್ಲ ಗ್ರಾಫೈಟ್. ಜೋರ್ಡಿ ಅರೆಸೆ ಎದುರು 6-2, 6-3 ಸೋತರು. ಅರೆಸೆ ಚೆನ್ನಾಗಿ ಆಡುವವರು, ಆದರೆ ಸ್ಲಾಮ್ ಗೆದ್ದವರೇನಲ್ಲ. ಅಲ್ಲಿಗೆ ಮುಗಿಯಿತಲ್ಲಾ?

ಇದನ್ನು ಅವರ ಮೇಲಿನ ಪ್ರೀತಿಯಿಂದಲೇ ಕೇಳುತ್ತಿದ್ದೇನೆ. 2023ರ ಫೆಬ್ರುವರಿಯಲ್ಲಿ ಮಗ ಲಿಯೊ ಆಡಲು ಬಂದಾಗ ಬೋರ್ಗ್ ಬೆಂಗಳೂರಿಗೆ ಬಂದಿದ್ದರು. ನಾನು ರಾತ್ರಿ ಬಸ್ಸಿಗೆ ಹೋಗಿ ಕಬ್ಬನ್ ಪಾರ್ಕಿನ ಸ್ಟೇಡಿಯಂನಲ್ಲಿ ದೂರದಿಂದ ನೋಡಿ ಬಂದೆ. ಬಿಳಿ ಕೂದಲು, ಸುಮ್ನೆ ಕೂತು ಆಟ ನೋಡುತ್ತಿದ್ದರು. ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ಕೋಟೆ ಕೆಳಗಿನವ, ಬಳ್ಳಾರಿ

ಕಷ್ಟದ ಪ್ರಶ್ನೆ. ಎರಡು ದಿನ ಯೋಚಿಸಿ ಬರೆಯುತ್ತಿದ್ದೇನೆ.

1991ರಲ್ಲಿ ಬೋರ್ಗ್‌ಗೆ 34. ಆಟ ಬಿಟ್ಟು ಏಳೆಂಟು ವರ್ಷ ಆಗಿತ್ತು. 26ಕ್ಕೇ ನಿವೃತ್ತಿ ಹೇಳಿದವರು. ಹಾಗಾಗಿ ಅವತ್ತು ಸೋತದ್ದು 1980ರ ಬೋರ್ಗ್ ಅಲ್ಲ. ಆದರೆ ನೀವು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಮರದ ರಾಕೆಟ್ ಹಿಡಿದು ಗ್ರಾಫೈಟ್ ಎದುರು ಯಾರೂ ಗೆಲ್ಲಲಾಗದು. ಅದನ್ನು ನಾನು ಮೊದಲು ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ನಾನು ಬೋರ್ಗ್ ಅನ್ನುವುದಕ್ಕೆ ಕಾರಣ ಇದು. 1978, 79, 80 ಮೂರು ವರ್ಷ ಸತತವಾಗಿ ಪ್ಯಾರಿಸ್ಸಿನ ಮಣ್ಣು ಗೆದ್ದು, ಕೆಲವೇ ವಾರದಲ್ಲಿ ವಿಂಬಲ್ಡನ್ ಹುಲ್ಲೂ ಗೆದ್ದರು. ಆಗಿನ ಹುಲ್ಲಿಗೂ ಮಣ್ಣಿಗೂ ಇದ್ದ ದೂರ ಈಗಿಲ್ಲ. ಮಣ್ಣಿನ ಮೇಲೆ ಬೇಸ್‌ಲೈನಿನಿಂದ ನೂರು ಚೆಂಡು ವಾಪಸ್ ಕಳಿಸುವವರು ಹುಲ್ಲಿನ ಮೇಲೆ ಸರ್ವ್ ಮಾಡಿ ನೆಟ್ಟಿಗೆ ಹೋಗುತ್ತಿದ್ದರು. ಆ ಚಿಕ್ಕ ಮರದ ತಲೆಯಲ್ಲೇ ಟಾಪ್‌ಸ್ಪಿನ್ ಹೊಡೆಯುತ್ತಿದ್ದರು. ಎರಡು ಕೈ ಬ್ಯಾಕ್‌ಹ್ಯಾಂಡ್. ಗಟ್ಟಿಂಗ್ ಸುಮಾರು 80 ಪೌಂಡ್ ಬಿಗಿ. ಈಗಿನವರು ಸಾಮಾನ್ಯವಾಗಿ 50ರ ಆಸುಪಾಸು. 1980ರ ವಿಂಬಲ್ಡನ್ ಫೈನಲ್ ನಾಲ್ಕನೇ ಸೆಟ್ ಟೈಬ್ರೇಕರ್ 18-16 ಎದುರಾಳಿ ಮೆಕೆನ್ರೋಗೆ ಹೋಯಿತು. ಗೆಲುವಿನ ಪಾಯಿಂಟ್ ಒಂದೆರಡಲ್ಲ, ಹಲವು ಕೈ ತಪ್ಪಿದವು. ಆಮೇಲೂ ಐದನೇ ಸೆಟ್ 8-6 ಗೆದ್ದರು. ಇವತ್ತಿನ ಆಟದ ಬೀಜ ಅವರ ಕೈಯಲ್ಲಿತ್ತು, ಸಾಮಾನು ಮಾತ್ರ ಹಿಂದಿನದು.

ನಿಮ್ಮ ಪ್ರಶ್ನೆ ಬಂದ ಮೇಲೆ ಪ್ರಯೋಗ ತಿರುಗಿಸಿ ನೋಡಿದೆವು. ಹುಡುಗನ ರಾಕೆಟ್ ಮಾವನ ಕೈಗೆ ಕೊಟ್ಟೆವು. ಹುಡುಗ ತನ್ನ ಇನ್ನೊಂದು ರಾಕೆಟ್ ಹಿಡಿದ. ಎರಡಕ್ಕೂ ಪಾಲಿಯೆಸ್ಟರ್ ಗಟ್. ಮಾವನ ಮೊದಲ ನಾಲ್ಕು ಹೊಡೆತ ಹಿಂದಿನ ಗೋಡೆಗೆ. "ಇದರಾಗೆ ಸ್ಪ್ರಿಂಗ್ ಇಟ್ಟಾರೇನು?" ಅಂದರು. ಹತ್ತು ನಿಮಿಷದಲ್ಲಿ ಬೀಸು ಅರ್ಧ ಮಾಡಿದರು. ಚೆಂಡು ಒಳಗೆ ಬೀಳತೊಡಗಿತು. ಸರ್ವ್ ಮಾಡಿ ಮೆಲ್ಲಗೆ ನೆಟ್ಟಿಗೆ ಬಂದು ಮೂರು ವಾಲಿ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದು) ಎಂಥಾ ಚಂದ ಹೊಡೆದರು ಅಂದರೆ ಹುಡುಗ ನಿಂತು ನೋಡಿದ.

ನಾಲ್ಕನೇ ಸಲ ಹುಡುಗ ಜೋರಾಗಿ ಉಜ್ಜಿ ಹೊಡೆದ. ಚೆಂಡು ನೆಟ್ ದಾಟುವಾಗ ಮಾವನ ಎದೆಯ ಎತ್ತರದಲ್ಲಿತ್ತು. ಅವರು ಆ ಎತ್ತರಕ್ಕೇ ರಾಕೆಟ್ ಹಿಡಿದು ಕಾದರು. ಚೆಂಡು ಅವರ ಶೂ ಹತ್ತಿರ ಇಳಿಯಿತು. ಐದನೆಯದೂ ಹಾಗೇ. ಆರನೆಯದೂ. ಮಾವ ನೆಲದ ಮೇಲಿನ ಗುರುತನ್ನು ಬಗ್ಗಿ ನೋಡಿದರು. "ನಲವತ್ತು ವರ್ಷದಾಗೆ ಇಂಥಾ ಬಾಲ್ ನೋಡಿಲ್ಲ" ಅಂದರು.

ಸರ್ವ್ ಮಾಡಿ ನೆಟ್ಟಿಗೆ ಓಡುವ ಆಟ ಯಾಕೆ ಕಮ್ಮಿಯಾಯಿತು ಅಂತ ನನಗೆ ಆವಾಗ ಕಣ್ಣಿಗೆ ಕಂಡಿತು. ಹುಲ್ಲು ಬದಲಾದದ್ದು ಒಂದು ಕಾರಣ. ಗಟ್ ಇನ್ನೊಂದು. 1997ರಲ್ಲಿ ಗುಸ್ತಾವೊ ಕುಯೆರ್ಟನ್ ಪಾಲಿಯೆಸ್ಟರ್ ಗಟ್ ಹಾಕಿ ಫ್ರೆಂಚ್ ಓಪನ್ ಗೆದ್ದ ಮೇಲೆ ಎಲ್ಲರೂ ಅದರ ಹಿಂದೆ ಬಿದ್ದರು. ಜೋರಾಗಿ ಹೊಡೆದರೂ ಚೆಂಡು ಒಳಗೆ ಇಳಿಯುತ್ತದೆ. ನೆಟ್ಟಿನಲ್ಲಿ ನಿಂತವನ ಕಾಲ ಬುಡಕ್ಕೇ ಬರುತ್ತದೆ.

ಹಾಗಾಗಿ ನನ್ನ ಮಾತು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಲೇವರ್, ಮೆಕೆನ್ರೋ, ಸ್ಯಾಂಪ್ರಸ್ ಇವರಿಗೆ ಹೊಸ ರಾಕೆಟ್ ಕೊಟ್ಟರೆ ಸಾಲದು. ಆ ಇಳಿಯುವ ಚೆಂಡು ಕಲಿಯಲು ಒಂದೆರಡು ವರ್ಷ ಕೊಡಬೇಕು. ಬೋರ್ಗ್‌ಗೆ ಆರು ತಿಂಗಳು ಸಾಕು. ಜೊಕೊವಿಚ್‌ಗೆ ಮರದ ರಾಕೆಟ್ ಕೊಟ್ಟು 1970ರ ಹುಲ್ಲಿಗೆ ಕಳಿಸಿದರೆ ಅವರಿಗೂ ಎರಡು ವರ್ಷ ಬೇಕು.

ಸಂಡೂರು ಗುಡ್ಡ

ಒಂದು ಸರಪಳಿ ಲೆಕ್ಕ ಇಡುತ್ತೇನೆ, ತಪ್ಪಿದ್ದರೆ ತಿದ್ದಿ. ರಾಮನಾಥನ್ ಕೃಷ್ಣನ್ 1960, 61 ಎರಡೂ ವರ್ಷ ವಿಂಬಲ್ಡನ್ ಸೆಮಿಫೈನಲ್ ಆಡಿದರು. 61ರಲ್ಲಿ ಲೇವರ್‌ಗೆ ಸೋತರು. ವಿಜಯ್ ಅಮೃತರಾಜ್ 1973ರ ಅಮೆರಿಕನ್ ಓಪನ್ನಿನಲ್ಲಿ ಲೇವರ್‌ರನ್ನೇ ಸೋಲಿಸಿದರು, ಮರುವರ್ಷ ಅಲ್ಲೇ ಬೋರ್ಗ್‌ರನ್ನೂ. ರಮೇಶ್ ಕೃಷ್ಣನ್ 1989ರ ಆಸ್ಟ್ರೇಲಿಯನ್ ಓಪನ್ನಿನಲ್ಲಿ ಆಗಿನ ನಂಬರ್ ಒನ್ ವಿಲಾಂಡರ್‌ರನ್ನು ಸೋಲಿಸಿದರು. ಲಿಯಾಂಡರ್ ಪೇಸ್ 1998ರಲ್ಲಿ ನ್ಯೂಹೇವನ್‌ನಲ್ಲಿ ಸ್ಯಾಂಪ್ರಸ್‌ರನ್ನು ನೇರ ಸೆಟ್ಟಿನಲ್ಲಿ. ನಮ್ಮವರು ಆ ದೊಡ್ಡವರ ಮೇಲೆ ಗೆದ್ದ ದಿನಗಳಿವೆ. ಅವರ ಹೆಸರೂ ಈ ಚರ್ಚೆಯಲ್ಲಿ ಇರಲಿ ಅಂತ ಆಸೆ.

ಸಿರುಗುಪ್ಪ ಮೇಷ್ಟ್ರು

ಲೆಕ್ಕ ಸರಿ ಇದೆ. ಆದರೆ ಸರಪಳಿಯಿಂದ ದೊಡ್ಡವರು ಯಾರು ಅಂತ ಹೇಳಲಾಗದು. 1973ರಲ್ಲಿ ಲೇವರ್‌ಗೆ 35, 1974ರಲ್ಲಿ ಬೋರ್ಗ್‌ಗೆ 18. ಒಬ್ಬರು ಇಳಿಯುವಾಗ, ಇನ್ನೊಬ್ಬರು ಏರುವಾಗ ಸಿಕ್ಕರು. ಹಾಗಂತ ವಿಜಯ್ ಗೆಲುವು ಸಣ್ಣದಲ್ಲ. ಎರಡು ಕಾಲದ ಇಬ್ಬರ ಎದುರೂ ಹುಲ್ಲಿನ ಮೇಲೆ ನಿಂತು ಗೆದ್ದವರು ಎಷ್ಟು ಜನ ಇದ್ದಾರೆ?

ನಮ್ಮ ಕೊಡಗಿನ ರೋಹನ್ ಬೋಪಣ್ಣನೂ ಇದ್ದಾರೆ. 2024ರಲ್ಲಿ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ನಂಬರ್ ಒನ್ ಆದರು. ಗೊನ್ಸಾಲೆಸ್‌ರ 41 ನೆನಪಿಸಿದ ಆಟ ಅದು.

ತೋರಣಗಲ್ಲು ಟಾಪ್‌ಸ್ಪಿನ್

ನಾನಿನ್ನೂ ಜೊಕೊವಿಚ್ ಕಡೆಯೇ. ಎರಡು ವರ್ಷ ಕೊಟ್ಟರೆ ಮರದ ರಾಕೆಟ್ಟಿನಲ್ಲೂ ಅವರೇ ಗೆಲ್ಲುತ್ತಾರೆ ಅಂತ ನನಗನ್ನಿಸುತ್ತದೆ. ಆದರೆ ಅಣ್ಣ, ಒಂದು ಕೇಳಬೇಕು. ಆ ಮರದ ರಾಕೆಟ್ಟಿನಲ್ಲಿ ನಾನೊಂದು ಸೆಟ್ ಆಡಬಹುದಾ?

ಕೋಟೆ ಕೆಳಗಿನವ, ಬಳ್ಳಾರಿ

ಬಾ ತಮ್ಮಾ. ಭಾನುವಾರ ಐದೂವರೆಗೆ, ನೆಲ ತೇವ ಇರುವಾಗ. ಮಾವನಿಗೆ ಹೇಳಿದ್ದೇನೆ. ಸೊಟ್ಟ ಆದ ರಾಕೆಟ್ಟನ್ನೂ ಅವರು ಒದ್ದೆ ಬಟ್ಟೆ ಸುತ್ತಿ ಪ್ರೆಸ್ಸಿಗೆ ಹಾಕಿ ತಿರುಪು ಬಿಗಿದಿದ್ದಾರೆ. ದಿನಾ ಬೆಳಗ್ಗೆ ಕಾಲು ಸುತ್ತು ತಿರುಗಿಸುತ್ತಾರೆ. ನೆಟ್ಟಗಾದರೆ ಇಬ್ಬರಿಗೂ ಮರದ್ದೇ.